ಕಂಪೈಲರ್ ಸಮ್ಮೇಳನಕ್ಕೆ ಸ್ಪೀಕರ್‌ಗಳನ್ನು ಕರೆಯುವುದು ಹೇಗೆ?

"ನಾಲ್ಕು ಜನಕ್ಕೆ ಮೇಲ್ ಕಳಿಸಿದೆ. ಒಬ್ಬರೂ ಉತ್ತರ ಕೊಡಲಿಲ್ಲ. ದೊಡ್ಡವರೆಲ್ಲ ಹೀಗೇನಾ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕಳಿಸಿದ ಮೇಲ್ ತೋರಿಸಿ ಎಂದರೆ ಹೆಚ್ಚುಕಡಿಮೆ ಒಂದೇ ಥರದ ಕಾಗದ ಸಿಗುತ್ತದೆ. ಮೊದಲ ಸಾಲಲ್ಲಿ ಹೊಗಳಿಕೆ. ಆಮೇಲೆ ಮೂರು ಪ್ಯಾರಾ ಸಮ್ಮೇಳನದ ಬಣ್ಣನೆ. ಕೊನೆಗೆ, "ನಿಮಗೆ ಇಷ್ಟವಾದ ಯಾವ ವಿಷಯದ ಮೇಲಾದರೂ ಮಾತಾಡಬಹುದು."

ಎಡವಟ್ಟು ಇರುವುದು ಆ ಕೊನೆಯ ಸಾಲಲ್ಲೇ. ಕೇಳೋಕೆ ಧಾರಾಳವಾಗಿದೆ, ನಿಜ. ಆದರೆ ಓದುವವರ ತಲೆಗೆ ಅದು ಹೊಸ ಕೆಲಸ ಕಟ್ಟುತ್ತದೆ. ವಿಷಯ ಅವರೇ ಹುಡುಕಬೇಕು. ಕೇಳುವವರು ಯಾರು ಎಂದು ಅವರೇ ಊಹಿಸಬೇಕು. "ಆಮೇಲೆ ನೋಡೋಣ" ಎಂದು ಮೇಲ್ ಪಕ್ಕಕ್ಕಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ಕರೆದದ್ದು ನಿಮ್ಮನ್ನೇ, ಈ ಕೆಲಸಕ್ಕಾಗಿಯೇ ಎಂದು ಎರಡು ಸಾಲಿನಲ್ಲಿ ಗೊತ್ತಾದರೆ ಉತ್ತರ ಬರುತ್ತದೆ. ಅದು "ಆಗಲ್ಲ" ಎನ್ನುವ ಉತ್ತರ ಆಗಿರಬಹುದು, ಆದರೂ ಬರುತ್ತದೆ.

ಈ ಲೇಖನ ಪ್ರೋಗ್ರಾಮಿಂಗ್ ಭಾಷೆಗಳನ್ನು ಓಡುವಂತೆ ಮಾಡುವ ಕೆಲಸದ ಸಮ್ಮೇಳನಗಳ ಬಗ್ಗೆ. ಅಂದರೆ ಬರೆದ ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್, ಅದನ್ನು ನೇರವಾಗಿ ಓಡಿಸುವ ಇಂಟರ್‌ಪ್ರಿಟರ್, ವರ್ಚುವಲ್ ಮೆಷಿನ್, ಬಳಸಿಬಿಟ್ಟ ಮೆಮೊರಿಯನ್ನು ವಾಪಸ್ ಪಡೆಯುವ ಗಾರ್ಬೇಜ್ ಕಲೆಕ್ಟರ್, ಕಂಪೈಲ್ ಆದ ತುಣುಕುಗಳನ್ನು ಒಂದೇ ಫೈಲಾಗಿ ಜೋಡಿಸುವ ಲಿಂಕರ್, ತಪ್ಪು ಹುಡುಕಲು ನೆರವಾಗುವ ಡೀಬಗರ್ ಇವೆಲ್ಲ. ಇದು ಚಿಕ್ಕ ಲೋಕ. ಒಬ್ಬರಿಗೊಬ್ಬರು ಗೊತ್ತಿರುತ್ತಾರೆ. ನೀವು ಒಬ್ಬರನ್ನು ಹೇಗೆ ನಡೆಸಿಕೊಂಡಿರಿ ಎನ್ನುವ ಸುದ್ದಿ ಮುಂದಿನ ವರ್ಷ ನೀವು ಕರೆಯುವವರ ಕಿವಿಗೂ ಬಿದ್ದಿರುತ್ತದೆ.

1. ಮೇಲ್‌ಗೆ ಮೊದಲು ಕೈಯಲ್ಲಿರಬೇಕಾದ್ದು

ದಿನಾಂಕ, ಜಾಗ, ಮಾತಿನ ಅವಧಿ, ಸುಮಾರು ಎಷ್ಟು ಜನ ಕೇಳುಗರು, ಪ್ರಯಾಣದ ಖರ್ಚು ಯಾರದು, ವಿಡಿಯೊ ಮಾಡುತ್ತೀರಾ. ಇಷ್ಟು ಗೊತ್ತಿಲ್ಲದೆ ಯಾರನ್ನೂ ಕರೆಯಬೇಡಿ. ಜೊತೆಗೆ ನಡವಳಿಕೆಯ ನಿಯಮಗಳು ಬರಹದಲ್ಲಿರಲಿ. ತೊಂದರೆ ಆದರೆ ಯಾರಿಗೆ ಹೇಳಬೇಕು ಎನ್ನುವುದೂ ಅದರಲ್ಲೇ ಇರಲಿ. ಬರುವ ಮೊದಲು ಇದನ್ನು ಓದಿ ನೋಡುವ ಸ್ಪೀಕರ್‌ಗಳಿದ್ದಾರೆ.

ದಿನಾಂಕ ಇಡುವಾಗ ಈ ಕ್ಷೇತ್ರದ ಕ್ಯಾಲೆಂಡರ್ ನೋಡಿ. ಪಿಎಲ್‌ಡಿಐ ಎಂಬ ಸಂಶೋಧನಾ ಸಮ್ಮೇಳನ ಸಾಮಾನ್ಯವಾಗಿ ಜೂನ್‌ನಲ್ಲಿ. ಅದಕ್ಕೆ ಪ್ರಬಂಧ ಕಳಿಸುವ ಗಡುವು ಬರುವುದು ನವೆಂಬರ್ ಸುಮಾರಿಗೆ. ಅಂಥದ್ದೇ ಇನ್ನೊಂದು ಸಮ್ಮೇಳನ ಪಿಒಪಿಎಲ್‌ನ ಗಡುವು ಜುಲೈ ಸುಮಾರಿಗೆ. ಆ ವಾರಗಳಲ್ಲಿ ಸಂಶೋಧಕರು ಯಾರ ಕೈಗೂ ಸಿಗುವುದಿಲ್ಲ. ಓಪನ್ ಸೋರ್ಸ್ ಕಡೆ ಬೇರೆ ಲೆಕ್ಕ. ಪೈಥಾನ್‌ನ ಹೊಸ ಆವೃತ್ತಿ ಪ್ರತಿವರ್ಷ ಅಕ್ಟೋಬರ್‌ನಲ್ಲಿ ಬರುತ್ತದೆ. ರೂಬಿಯದು ಡಿಸೆಂಬರ್ 25ಕ್ಕೆ. ಎಲ್‌ಎಲ್‌ವಿಎಂ ಎಂಬ, ಹಲವು ಕಂಪೈಲರ್‌ಗಳಿಗೆ ತಳಪಾಯವಾದ ಸಾಫ್ಟ್‌ವೇರ್ ವರ್ಷಕ್ಕೆ ಎರಡು ಸಲ ಬಿಡುಗಡೆ ಆಗುತ್ತದೆ. ಬಿಡುಗಡೆಗೆ ಎರಡು ವಾರ ಮುಂಚೆ ಅದರ ನಿರ್ವಾಹಕರನ್ನು, ಅಂದರೆ ಮೇಂಟೇನರ್‌ಗಳನ್ನು ಕರೆದರೆ ಒಪ್ಪುವುದು ಕಷ್ಟ. ಒಪ್ಪಿದರೂ ರಾತ್ರಿಯೆಲ್ಲ ಬಗ್ ಸರಿಮಾಡಿ ನಿದ್ದೆಗಣ್ಣಲ್ಲಿ ವೇದಿಕೆಗೆ ಬರುತ್ತಾರೆ.

ಎಷ್ಟು ಮುಂಚೆ ಕರೆಯಬೇಕು? ಗಡಿ ದಾಟಿ ಬರುವವರಿಗೆ ಏಳೆಂಟು ತಿಂಗಳು. ಉಳಿದವರಿಗೆ ನಾಲ್ಕು ತಿಂಗಳು ಸಾಕು. ಅದಕ್ಕಿಂತ ತಡವಾದರೆ, ಇನ್ಯಾರೋ ಕೈಕೊಟ್ಟರು, ಅದಕ್ಕೇ ನನ್ನನ್ನು ಕೇಳುತ್ತಿದ್ದಾರೆ ಎಂದು ಅವರಿಗೆ ಗೊತ್ತಾಗಿಬಿಡುತ್ತದೆ.

2. ಹೆಸರಿಗಿಂತ ಮೊದಲು ಪ್ರಶ್ನೆ ಹುಡುಕಿ

ಸಮಿತಿ ಕೂತ ತಕ್ಷಣ ಹೆಸರುಗಳ ಪಟ್ಟಿ ಶುರುವಾಗುತ್ತದೆ. "ಅವರನ್ನು ಕರೆಯೋಣ, ಇವರನ್ನು ಕರೆಯೋಣ." ಸ್ವಲ್ಪ ತಡೆಯಿರಿ. ನಿಮ್ಮ ಕೇಳುಗರಿಗೆ ಈ ವರ್ಷ ತಲೆ ಕೆಡಿಸಿರುವ ಮೂರೋ ನಾಲ್ಕೋ ಪ್ರಶ್ನೆ ಬರೆಯಿರಿ. ಪ್ರಶ್ನೆ ಸರಿಯಾಗಿದ್ದರೆ ಹೆಸರು ತಾನಾಗಿ ಬರುತ್ತದೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಪ್ರೋಗ್ರಾಂ ಓಡುತ್ತಿರುವಾಗಲೇ ಅದನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್‌ಗೆ ಜಿಟ್ ಎನ್ನುತ್ತಾರೆ. ಅದರ ಹಳೆಯ ಸಂಕಟ ಒಂದೇ: ಕೋಡ್ ಬೇಗ ಹುಟ್ಟಬೇಕಾ, ಇಲ್ಲ ಹುಟ್ಟಿದ ಕೋಡ್ ಬೇಗ ಓಡಬೇಕಾ? ಎರಡೂ ಒಟ್ಟಿಗೆ ಸಿಗುವುದಿಲ್ಲ. ಈ ಒಂದು ಪ್ರಶ್ನೆ ಹಿಡಿದುಕೊಂಡು ಹೊರಟರೆ ಎಷ್ಟು ದಾರಿ ತೆರೆದುಕೊಳ್ಳುತ್ತದೆ ನೋಡಿ.

ಆಪಲ್‌ನ ವೆಬ್‌ಕಿಟ್ ಬ್ರೌಸರ್ ಎಂಜಿನ್‌ನ ತಂಡ 2014ರಲ್ಲಿ ಜಾವಾಸ್ಕ್ರಿಪ್ಟ್‌ನ ಮೇಲಿನ ಹಂತದ ಜಿಟ್‌ಗೆ ಎಲ್‌ಎಲ್‌ವಿಎಂ ಹಾಕಿಕೊಂಡಿತು. 2016ರಲ್ಲಿ ಅದನ್ನು ತೆಗೆದು ಬಿ3 ಎಂಬ ತನ್ನದೇ ಬ್ಯಾಕೆಂಡ್, ಅಂದರೆ ಯಂತ್ರಕೋಡ್ ಹುಟ್ಟಿಸುವ ಭಾಗ, ಕೂರಿಸಿತು. ಕಂಪೈಲ್ ಮಾಡಲು ಹಿಡಿಯುವ ಸಮಯವೇ ದೊಡ್ಡ ಕಾರಣ. ಗೂಗಲ್ ಕ್ರೋಮ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ 2017ರಲ್ಲಿ ಒಂದು ಇಂಟರ್‌ಪ್ರಿಟರ್, ವೇಗದ ಕೋಡ್ ಹುಟ್ಟಿಸುವ ಒಂದು ಆಪ್ಟಿಮೈಸಿಂಗ್ ಕಂಪೈಲರ್ ಎಂದು ಮನೆ ಚೊಕ್ಕ ಮಾಡಿಕೊಂಡಿತ್ತು. ಆಮೇಲೆ ಆ ಎರಡರ ನಡುವೆ ಇನ್ನೆರಡು ಕಂಪೈಲರ್ ಸೇರಿದವು: 2021ರಲ್ಲಿ ಸ್ಪಾರ್ಕ್‌ಪ್ಲಗ್ ಬಂತು, 2023ರಲ್ಲಿ ಮ್ಯಾಗ್ಲೆವ್ ಬಂತು. ಪೈಥಾನ್ 3.13, 2024ರಲ್ಲಿ, ಮೊದಲೇ ತಯಾರಾದ ಯಂತ್ರಕೋಡಿನ ತುಣುಕುಗಳನ್ನು ಅಂಟಿಸಿ ಖಾಲಿ ಜಾಗ ತುಂಬುವ ವಿಧಾನದ ಪ್ರಾಯೋಗಿಕ ಜಿಟ್ ತಂದಿತು. ರೂಬಿಯ ವೈಜಿಟ್ 3.1ರಲ್ಲಿ ಸಿ ಭಾಷೆಯಲ್ಲಿತ್ತು, 3.2ಕ್ಕೆ ರಸ್ಟ್‌ನಲ್ಲಿ ಮತ್ತೆ ಬರೆದರು. ಇವರಲ್ಲಿ ಯಾರನ್ನು ಕರೆದರೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಸಿಗುತ್ತದೆ. ದಿನವಿಡೀ ಕೇಳುವವರಿಗೆ ಒಂದು ಎಳೆ ಸಿಗುತ್ತದೆ.

ಹಿಂದೆ ಹೋದರೂ ಇದೇ ಕಥೆ. ಪ್ರೊಸೆಸರ್‌ನ ರಿಜಿಸ್ಟರ್ ಎಂಬ ಕೆಲವೇ ವೇಗದ ಜಾಗಗಳನ್ನು ನೂರಾರು ವೇರಿಯಬಲ್‌ಗಳಿಗೆ ಹಂಚುವ ಕೆಲಸಕ್ಕೆ ರಿಜಿಸ್ಟರ್ ಅಲೊಕೇಶನ್ ಎನ್ನುತ್ತಾರೆ. 1980ರ ದಶಕದ ಶುರುವಿನಲ್ಲಿ ಐಬಿಎಂನಲ್ಲಿ ಗ್ರೆಗರಿ ಚೈಟಿನ್ ಇದನ್ನು ಗ್ರಾಫ್‌ಗೆ ಬಣ್ಣ ಹಚ್ಚುವ ಲೆಕ್ಕವಾಗಿ ಬಿಡಿಸಿದರು. ಫಲಿತಾಂಶ ಚೆನ್ನ, ಸಮಯ ಜಾಸ್ತಿ. 1999ರಲ್ಲಿ ಪೊಲೆಟ್ಟೊ ಮತ್ತು ಸರ್ಕಾರ್ ಲೀನಿಯರ್ ಸ್ಕ್ಯಾನ್ ವಿಧಾನ ಪ್ರಕಟಿಸಿದರು. ಅದು ಬೇಗ ಮುಗಿಯುತ್ತದೆ, ಜಿಟ್‌ಗಳಿಗೆ ಹಿಡಿಸಿತು. "ನೀವು ಯಾವುದನ್ನು ಆರಿಸಿಕೊಂಡಿರಿ, ಯಾಕೆ?" ಎಂದು ಕೇಳಿದರೆ ಕಂಪೈಲರ್ ಬರೆಯುವ ಯಾರೂ ಸುಮ್ನೆ ಕೂರುವುದಿಲ್ಲ.

ಸೋತ ಕೆಲಸಗಳನ್ನೂ ಪಟ್ಟಿಗೆ ಸೇರಿಸಿ. ಗೂಗಲ್‌ನ ಎಂಜಿನಿಯರ್‌ಗಳು 2009ರಲ್ಲಿ ಪೈಥಾನ್‌ಗೆ ಎಲ್‌ಎಲ್‌ವಿಎಂ ಜಿಟ್ ಜೋಡಿಸಲು ಅನ್‌ಲೇಡನ್ ಸ್ವಾಲೋ ಎಂಬ ಯೋಜನೆ ಶುರು ಮಾಡಿದ್ದರು. ಅದನ್ನು ಮುಖ್ಯ ಪೈಥಾನ್‌ಗೆ ಸೇರಿಸುವ ಪ್ರಸ್ತಾವ ಕೊನೆಗೆ ಹಿಂದಕ್ಕೆ ಹೋಯಿತು. ಇಂಥ ಯೋಜನೆಯಿಂದ ಕಲಿಯುವುದು ಗೆದ್ದದ್ದಕ್ಕಿಂತ ಜಾಸ್ತಿ ಇರುತ್ತದೆ. ಕರೆಯುವಾಗ ಮಾತ್ರ ಹುಷಾರು. "ನಿಮ್ಮ ಸೋಲಿನ ಬಗ್ಗೆ ಮಾತಾಡಿ" ಎಂದರೆ ಯಾರು ಬರುತ್ತಾರೆ? "ಆ ನಿರ್ಧಾರದ ಹಿಂದಿನ ಲೆಕ್ಕಾಚಾರ ಕೇಳಬೇಕು" ಎಂದು ಬರೆಯಿರಿ.

3. ಜನರನ್ನು ಎಲ್ಲಿ ಹುಡುಕಬೇಕು?

ಪ್ರಬಂಧಗಳಲ್ಲಿ ಹುಡುಕುವುದಾದರೆ ಪಿಎಲ್‌ಡಿಐ, ಸಿಜಿಒ, ಕಂಪೈಲರ್ ಕನ್‌ಸ್ಟ್ರಕ್ಷನ್ ಸಮ್ಮೇಳನ, ಐಸಿಎಫ್‌ಪಿ ಈ ಸಂಶೋಧನಾ ಸಮ್ಮೇಳನಗಳ ಕಾರ್ಯಕ್ರಮ ಪಟ್ಟಿ ನೋಡಿ. ಪಿಎಲ್‌ಡಿಐ ಪ್ರಬಂಧಗಳು 2023ರಿಂದ ಎಲ್ಲರಿಗೂ ಉಚಿತವಾಗಿ ಸಿಗುವ ನಿಯತಕಾಲಿಕದಲ್ಲಿ ಬರುತ್ತಿವೆ, ದುಡ್ಡು ಕೊಡದೆ ಓದಬಹುದು. ಕಂಪೈಲರ್ ಕಟ್ಟುವವರನ್ನೇ ಹುಡುಕುವುದಾದರೆ ಎಲ್‌ಎಲ್‌ವಿಎಂ ಡೆವಲಪರ್‌ಗಳ ಸಭೆ, ಗ್ನೂ ಟೂಲ್ಸ್ ಕಾಲ್ಡ್ರನ್, ಪ್ರತಿವರ್ಷ ಬ್ರಸೆಲ್ಸ್‌ನಲ್ಲಿ ನಡೆಯುವ ಓಪನ್ ಸೋರ್ಸ್ ಸಮ್ಮೇಳನ ಫಾಸ್‌ಡೆಮ್ ಇವುಗಳ ವಿಡಿಯೊ ನೋಡಿ.

ಪ್ರಬಂಧದ ಮೇಲೆ ಐದು ಹೆಸರಿದ್ದರೆ ಎಲ್ಲರ ಕಣ್ಣು ಹೋಗುವುದು ಕೊನೆಯ ಪ್ರಾಧ್ಯಾಪಕರ ಹೆಸರಿಗೆ. ಕೋಡ್ ಬರೆದವರು ಹೆಚ್ಚಾಗಿ ಮೊದಲ ಹೆಸರಿನವರು. ರಾತ್ರಿ ಎರಡು ಗಂಟೆಗೆ ಗಾರ್ಬೇಜ್ ಕಲೆಕ್ಟರ್ ಕ್ರ್ಯಾಶ್ ಆದದ್ದು ಯಾಕೆ ಎನ್ನುವುದು ಅವರಿಗೇ ಗೊತ್ತು. ಅವರನ್ನು ಕರೆಯಿರಿ. ಅವರಿಗೂ ಇದು ದೊಡ್ಡ ಅವಕಾಶ, ತಯಾರಿಯೂ ಚೆನ್ನಾಗಿ ಮಾಡುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದ ಜಾಗ ಬೇರೆ: ಕಮಿಟ್ ಇತಿಹಾಸ. ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎನ್ನುವ ದಾಖಲೆ ಅದು. ಯಾರೂ ಮೆಚ್ಚದ ಮೂಲೆಗಳಿಗೆ ಹೋಗಿ. ಡೀಬಗ್ ಮಾಹಿತಿ ಬರೆಯುವ ಭಾಗ. ಎಕ್ಸೆಪ್ಶನ್ ಬಂದಾಗ ಸ್ಟ್ಯಾಕ್ ಬಿಚ್ಚುವ ಕೋಷ್ಟಕಗಳು. ಎರರ್ ಸಂದೇಶ ಬರೆಯುವ ಕೋಡ್. ಅಲ್ಲಿ ಹತ್ತು ವರ್ಷದಿಂದ ಒಬ್ಬರೇ ಕೂತು ಕೆಲಸ ಮಾಡುತ್ತಿರುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ.

ನೆನಪಿನಿಂದ ಪಟ್ಟಿ ಮಾಡಿದರೆ ಅವೇ ಹತ್ತು ಮುಖ ಬರುತ್ತವೆ, ಅಲ್ವಾ? ಅವರೆಲ್ಲ ಹೆಚ್ಚುಕಡಿಮೆ ಗಂಡಸರೇ ಆಗಿರುತ್ತಾರೆ. "ಈ ಕ್ಷೇತ್ರದಲ್ಲಿ ಹೆಂಗಸರೇ ಇಲ್ಲ" ಎನ್ನುವವರಿಗೆ ನೆನಪಿಸಬೇಕಾದ್ದು, 1952ರಲ್ಲಿ ಎ-0 ಕಂಪೈಲರ್ ಕಟ್ಟಿದವರು ಗ್ರೇಸ್ ಹಾಪರ್. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಫ್ರಾನ್ಸಿಸ್ ಆಲೆನ್, 2006ರಲ್ಲಿ. ಅದೂ ಕಂಪೈಲರ್ ಆಪ್ಟಿಮೈಸೇಶನ್ ಕೆಲಸಕ್ಕೆ. ಪಟ್ಟಿಯನ್ನು ನೆನಪಿನಿಂದ ಮಾಡದೆ ಕಾರ್ಯಕ್ರಮ ಪಟ್ಟಿ, ಕಮಿಟ್ ಇತಿಹಾಸ ನೋಡಿ ಮಾಡಿದರೆ ಈ ತೊಂದರೆ ಅರ್ಧ ಅಲ್ಲೇ ಕಡಿಮೆಯಾಗುತ್ತದೆ.

ಹಳೆಯ ವಿಡಿಯೊ ಇದ್ದರೆ ಹತ್ತು ನಿಮಿಷ ನೋಡಿ. ಇಲ್ಲ ಎಂದು ಬಿಡಬೇಡಿ. ಮೊದಲ ಸಲ ಮಾತಾಡುವವರಿಗೆ ವಿಡಿಯೊ ಎಲ್ಲಿಂದ ಬರಬೇಕು?

4. ಎಷ್ಟು ಜನ, ಯಾವ ಕ್ರಮದಲ್ಲಿ

ಎಲ್ಲರೂ ಸೇರಿ ಕೇಳುವ ಮುಖ್ಯ ಭಾಷಣಕ್ಕೆ ಕೀನೋಟ್ ಎನ್ನುತ್ತಾರೆ. ಒಂದು ದಿನಕ್ಕೆ ಒಂದು ಸಾಕು. ಏಳು ಟಾಕ್‌ಗಳ ಸಮ್ಮೇಳನವಾದರೆ ಎರಡೋ ಮೂರೋ ಕರೆದವರಿಗೆ ಇಡಿ. ಉಳಿದದ್ದು ಮುಕ್ತ ಕರೆಯಿಂದ ಬರಲಿ, ಅಂದರೆ ಆಸಕ್ತಿ ಇರುವವರು ತಾವೇ ಪ್ರಸ್ತಾವ ಕಳಿಸಲಿ. ಎಲ್ಲರನ್ನೂ ನೀವೇ ಆರಿಸಿದರೆ ನಿಮಗೆ ಗೊತ್ತಿಲ್ಲದ ಕೆಲಸ ಯಾವುದೂ ಒಳಗೆ ಬರುವುದಿಲ್ಲ. ಐದು ನಿಮಿಷದ ಚುಟುಕು ಮಾತುಗಳಿಗೂ ಒಂದು ಗಂಟೆ ಉಳಿಸಿ.

ಒಂದು ಕುರ್ಚಿಗೆ ಒಂದೇ ಸಲ ಇಬ್ಬರನ್ನು ಕರೆಯಬೇಡಿ. ನಾನೊಮ್ಮೆ ಈ ತಪ್ಪು ಮಾಡಿದೆ. ಹೇಗೂ ಒಬ್ಬರು ಒಪ್ಪಲ್ಲ ಎಂದುಕೊಂಡಿದ್ದೆ. ಒಂದೇ ಸಂಜೆ ಇಬ್ಬರೂ ಒಪ್ಪಿಬಿಟ್ಟರು. ಕಾರ್ಯಕ್ರಮವನ್ನೇ ಅರ್ಧ ದಿನ ಉದ್ದ ಮಾಡಬೇಕಾಯಿತು.

ಒಬ್ಬರನ್ನು ಕೇಳಿ, ಉತ್ತರಕ್ಕೆ ಎರಡು ವಾರ ಕೊಟ್ಟು, ಆಮೇಲೆ ಮುಂದಿನವರಿಗೆ ಹೋಗಿ. ಒಂದು ಸ್ಪ್ರೆಡ್‌ಶೀಟ್ ಇಡಿ: ಹೆಸರು, ಯಾವ ಪ್ರಶ್ನೆಗೆ, ಮೇಲ್ ಹೋದ ದಿನ, ನೆನಪಿಸಿದ ದಿನ, ಉತ್ತರ. ಬರೆಯುವ ಕೆಲಸ ಸಮಿತಿಯಲ್ಲಿ ಒಬ್ಬರದೇ ಆಗಿರಲಿ. ಇಬ್ಬರು ಬರೆದರೆ ಒಬ್ಬ ಸ್ಪೀಕರ್‌ಗೆ ಎರಡು ಬೇರೆ ಬೇರೆ ದಿನಾಂಕ ಹೋಗುವುದು ಗ್ಯಾರಂಟಿ.

5. ಮೇಲ್ ಬರೆಯುವುದು

ಇಲ್ಲಿ ಸಮಯ ಕೊಡಿ. ಒಂದು ಮೇಲ್‌ಗೆ ಒಂದು ಗಂಟೆ ಹಿಡಿದರೂ ತಪ್ಪಿಲ್ಲ. ಅದರಲ್ಲಿ ಮುಕ್ಕಾಲು ಗಂಟೆ ಹೋಗಬೇಕಾದ್ದು ಅವರ ಕೆಲಸ ಓದುವುದಕ್ಕೆ.

ಮೇಲ್‌ನ ವಿಷಯದ ಸಾಲಿನಲ್ಲೇ ದಿನಾಂಕ ಮತ್ತು ಕೇಳಿಕೆ ಎರಡೂ ಇರಲಿ. ಬರೀ "ಆಹ್ವಾನ" ಎಂದು ಹಾಕಿದರೆ, ದುಡ್ಡು ಕೀಳುವ ನಕಲಿ ಸಮ್ಮೇಳನಗಳ ಮೇಲ್ ಎಂದುಕೊಳ್ಳುತ್ತಾರೆ. ಸಂಶೋಧಕರಿಗೆ ಅಂಥವು ರಾಶಿ ರಾಶಿ ಬರುತ್ತವೆ. "ಗೌರವಾನ್ವಿತ ವಿದ್ವಾಂಸರೇ" ಎಂದು ಶುರುವಾಗಿ, ಅತಿಯಾಗಿ ಹೊಗಳಿ, ಕೊನೆಗೆ ನೋಂದಣಿ ಶುಲ್ಕ ಕೇಳುತ್ತವೆ. ನಿಮ್ಮದು ಹಾಗೆ ಕಾಣಬಾರದು.

ಯಾವ ಭಾಷೆಯಲ್ಲಿ ಬರೆದರೂ ಹದ ಹೀಗಿರಲಿ:

"ವಿಷಯ: ಅಕ್ಟೋಬರ್ 17ಕ್ಕೆ ಲಿಂಕರ್ ಬಗ್ಗೆ 30 ನಿಮಿಷ ಮಾತಾಡುತ್ತೀರಾ?

ನಮಸ್ಕಾರ. ನಾನು ಭಾಷೆಗಳ ಅನುಷ್ಠಾನದ ಕುರಿತ ಒಂದು ದಿನದ ಸಮ್ಮೇಳನದ ಸಮಿತಿಯಲ್ಲಿದ್ದೇನೆ. ನಿಮ್ಮ ಲಿಂಕರ್‌ನ ಕಳೆದ ಬಿಡುಗಡೆಯ ಟಿಪ್ಪಣಿ ಓದಿದೆ. ಸಿಂಬಲ್ ಹುಡುಕುವ ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಹಂಚಿದ ಮೇಲೂ ಪ್ರತಿಸಲ ಬೈಟ್ ಬಿಡದೆ ಅದೇ ಫೈಲ್ ಬರುವಂತೆ ಮಾಡಿದ್ದೀರಿ. ಅದನ್ನು ಹೇಗೆ ಸಾಧಿಸಿದಿರಿ, ಅದಕ್ಕಾಗಿ ಎಷ್ಟು ವೇಗ ಬಿಟ್ಟುಕೊಟ್ಟಿರಿ ಎನ್ನುವುದನ್ನು ನಮ್ಮ ಕೇಳುಗರಿಗೆ ಹೇಳುತ್ತೀರಾ?

ಸುಮಾರು 120 ಜನ ಇರುತ್ತಾರೆ. ಅರ್ಧದಷ್ಟು ಜನ ಕಂಪೈಲರ್‌ನಲ್ಲಿ ಕೆಲಸ ಮಾಡುವವರು, ಉಳಿದವರು ಕಲಿಯುತ್ತಿರುವವರು. 30 ನಿಮಿಷ ಮಾತು, 10 ನಿಮಿಷ ಪ್ರಶ್ನೆ. ಪ್ರಯಾಣ ಮತ್ತು ಎರಡು ರಾತ್ರಿ ಉಳಿಯುವ ಖರ್ಚು ನಮ್ಮದು, ಟಿಕೆಟ್ ನಾವೇ ಮಾಡಿಸುತ್ತೇವೆ. ಗೌರವಧನ ಕೊಡಲು ಈ ಸಲ ಆಗುತ್ತಿಲ್ಲ. ವಿಡಿಯೊ ಮಾಡುತ್ತೇವೆ, ನೀವು ನೋಡಿ ಒಪ್ಪಿದ ಮೇಲಷ್ಟೇ ಹಾಕುತ್ತೇವೆ.

ಮಾರ್ಚ್ 20ರ ಒಳಗೆ ತಿಳಿಸಿದರೆ ಸಾಕು. ಆಗದಿದ್ದರೆ 'ಈ ಸಲ ಇಲ್ಲ' ಎಂದು ಒಂದು ಸಾಲು ಹಾಕಿದರೂ ಸಂತೋಷ. ಆ ಕೆಲಸದಲ್ಲಿ ನಿಮ್ಮ ಜೊತೆಗಿದ್ದ ಬೇರೆಯವರ ಹೆಸರು ಹೇಳಿದರೆ ಇನ್ನೂ ಸಂತೋಷ."

ಇಷ್ಟೇ. ಹೊಗಳಿಕೆ ಎಲ್ಲೂ ಇಲ್ಲ. ಆದರೂ ಓದಿದ್ದೇನೆ ಎನ್ನುವುದು ಕಾಣುತ್ತದೆ. ದುಡ್ಡಿನ ಮಾತು ಮುಚ್ಚುಮರೆ ಇಲ್ಲದೆ ಇದೆ. "ಇಲ್ಲ" ಎನ್ನಲು ದಾರಿ ಇದೆ. ಕೊನೆಯ ಸಾಲು ನನ್ನ ಪಾಲಿಗೆ ಚಿನ್ನ. ಆಗಲ್ಲ ಎಂದವರು ಸೂಚಿಸಿದ ಹೆಸರುಗಳಿಂದಲೇ ನನಗೆ ಎಷ್ಟೋ ಒಳ್ಳೆಯ ಟಾಕ್‌ಗಳು ಸಿಕ್ಕಿವೆ.

ಜನ ಇಲ್ಲಿ ಮಾಡುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಒಂದೇ ಮೇಲ್ ಅನ್ನು ಹೆಸರು ಬದಲಿಸಿ ಹತ್ತು ಜನಕ್ಕೆ ಕಳಿಸುವುದು. ಹಳೆಯ ಹೆಸರು ಅಲ್ಲೇ ಉಳಿದುಬಿಟ್ಟರೆ ಮುಗೀತು. ಅವರು ಹದಿನೈದು ವರ್ಷದ ಹಿಂದೆ ಬಿಟ್ಟ ಯೋಜನೆಯ ಬಗ್ಗೆ ಕೇಳುವುದು. "ಇಂಥವರು ಒಪ್ಪಿದ್ದಾರೆ" ಎಂದು ಇನ್ನೂ ಒಪ್ಪದವರ ಹೆಸರು ಹಾಕುವುದು. ಇದು ಸುಳ್ಳು. ಮೊದಲೇ ಹೇಳಿದೆನಲ್ಲ, ಇವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು.

6. ಉತ್ತರ ಬರದಿದ್ದರೆ

ಹತ್ತು ದಿನ ಬಿಟ್ಟು ಒಂದೇ ಒಂದು ಸಲ ನೆನಪಿಸಿ, ಎರಡು ಸಾಲಲ್ಲಿ. ಆಮೇಲೂ ಮೌನವಾದರೆ ಅದೇ ಉತ್ತರ. ಮುಂದಿನ ಹೆಸರಿಗೆ ಹೋಗಿ.

ಪ್ರಾಜೆಕ್ಟಿನ ಬಗ್ ಪಟ್ಟಿಯಲ್ಲಿ ಹೊಸ ಇಶ್ಯೂ ತೆರೆದು "ನಮ್ಮ ಸಮ್ಮೇಳನಕ್ಕೆ ಬನ್ನಿ" ಎಂದು ಬರೆಯಬೇಡಿ. ಹಾಗೆ ಮಾಡಿದವರನ್ನು ಕಣ್ಣಾರೆ ನೋಡಿದ್ದೇನೆ. ಅದು ಅವರು ಕೆಲಸ ಮಾಡುವ ಜಾಗ. ಅವರ ಮೇಲಧಿಕಾರಿಗೆ ಪ್ರತಿ ಹಾಕುವುದೂ ಬೇಡ, ಅದು ಒತ್ತಡ ಹೇರಿದ ಹಾಗೆ. ಪರಿಚಯದವರ ಮೂಲಕ ಕೇಳಿಸಬಹುದು. ಅದೂ ಒಮ್ಮೆ ಮಾತ್ರ.

7. ಒಪ್ಪಿದ ಮೇಲೆ: ದುಡ್ಡು, ವೀಸಾ, ಕಂಪನಿಯ ಅನುಮತಿ

ಒಪ್ಪಿದ ದಿನವೇ ಎಲ್ಲವನ್ನೂ ಬರಹದಲ್ಲಿ ಕಳಿಸಿ. ಫೋನಿನಲ್ಲಿ ಆದ ಮಾತನ್ನೂ ಮೇಲ್‌ನಲ್ಲಿ ಹಾಕಿ.

"ನೀವು ಟಿಕೆಟ್ ತಗೊಳ್ಳಿ, ಆಮೇಲೆ ಕೊಡುತ್ತೇವೆ" ಎನ್ನುವುದು ದೊಡ್ಡ ಕಂಪನಿಯವರಿಗೆ ಸರಿ. ಸಂಶೋಧನಾ ವಿದ್ಯಾರ್ಥಿಗೆ, ಬಿಡುವಿನ ವೇಳೆಯಲ್ಲಿ ಇಂಟರ್‌ಪ್ರಿಟರ್ ನೋಡಿಕೊಳ್ಳುವವರಿಗೆ ಅದು ಮೂರು ತಿಂಗಳ ಸಾಲ. ಟಿಕೆಟ್ ನೀವೇ ಮಾಡಿಸಿ. ಗೌರವಧನ ಕೊಡುವುದಾದರೆ ತೆರಿಗೆ ಕಡಿತ ಇದೆಯೇ ಎಂದು ಮೊದಲೇ ಕೇಳಿಕೊಂಡು, ಕೈಗೆ ಬರುವ ಮೊತ್ತ ಹೇಳಿ.

ವೀಸಾ ಬೇಕಾದವರಿಗೆ ಆಹ್ವಾನ ಪತ್ರ ತಡಮಾಡದೆ ಕೊಡಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೇ ಇರಲಿ, ಕೋಡಿನಲ್ಲಿ ಬಳಸುವ ಅಡ್ಡಹೆಸರು ಬೇಡ. ದಿನಾಂಕ, ಕಾರ್ಯಕ್ರಮದ ವಿವರ, ಖರ್ಚು ಯಾರದು, ಸಹಿ ಹಾಕಿದವರ ಫೋನ್ ಇರಲಿ. ಉದಾಹರಣೆಗೆ ಯುರೋಪಿನ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವ ಹಾಗಿಲ್ಲ. ಆದರೆ ಅರ್ಜಿ ಕೊಡುವ ದಿನ ಸಿಗುವುದೇ ಕಷ್ಟವಾಗುತ್ತದೆ, ಹಾಗಾಗಿ ಆರು ತಿಂಗಳ ಕಡೆಗೇ ವಾಲಿ. ವೀಸಾ ಆಗದಿದ್ದರೆ ದೂರದಿಂದ ಮಾತಾಡಬಹುದೇ ಎಂದು ಆಗಲೇ ಕೇಳಿಡಿ.

ಇನ್ನೊಂದು ಗಂಟು ಕಂಪನಿಯ ಅನುಮತಿ. ದೊಡ್ಡ ಕಂಪನಿಗಳಲ್ಲಿ ಸ್ಲೈಡ್‌ಗಳನ್ನು ಕಾನೂನು ವಿಭಾಗ ನೋಡಿದ ಮೇಲೇ ಹೊರಗೆ ಬಿಡುತ್ತಾರೆ. ಬಿಡುಗಡೆಯಾಗದ ಪ್ರೊಸೆಸರ್‌ಗೆ ಕೋಡ್ ಹುಟ್ಟಿಸುವ ಕೆಲಸವಾದರೆ ಅನುಮತಿ ಇನ್ನೂ ಕಷ್ಟ. "ನಿಮ್ಮಲ್ಲಿ ಅನುಮತಿಗೆ ಎಷ್ಟು ದಿನ ಹಿಡಿಯುತ್ತದೆ?" ಎಂದು ಕೇಳಿ, ಅದಕ್ಕೆ ಎರಡು ವಾರ ಸೇರಿಸಿ ಗಡುವು ಇಡಿ.

8. ಮಾತನ್ನು ಜೊತೆಗೂಡಿ ರೂಪಿಸಿ

ಬಹಳ ಜನ ಆಯೋಜಕರು ಒಪ್ಪಿಗೆ ಸಿಕ್ಕ ಕೂಡಲೇ ಕೈತೊಳೆದುಕೊಳ್ಳುತ್ತಾರೆ. ಎರಡು ತಿಂಗಳು ಮುಂಚೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ. ಕೇಳುಗರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಹೇಳಿ. ಎಸ್‌ಎಸ್‌ಎ ಎಂದರೆ ಪ್ರತಿ ವೇರಿಯಬಲ್‌ಗೆ ಒಂದೇ ಸಲ ಬೆಲೆ ಕೊಡುವ ಮಧ್ಯಂತರ ರೂಪ. ಕಂಪೈಲರ್‌ನವರಿಗೆ ಅದು ಉಸಿರಾಟದಷ್ಟು ಸಹಜ. ನಿಮ್ಮ ಕೇಳುಗರಲ್ಲಿ ಅರ್ಧ ಜನಕ್ಕೆ ಅದು ಹೊಸದಾಗಿದ್ದರೆ ಎರಡು ಸ್ಲೈಡ್ ಸೇರಿಸಲು ಹೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ವೇಗದ ಅಂಕಿಗಳಿದ್ದರೆ ಒಂದು ಮಾತು ಕೇಳಿ: "ಎರಡು ಪಟ್ಟು ವೇಗ, ಆದರೆ ಯಾವುದಕ್ಕಿಂತ?" ಯಾವ ಯಂತ್ರ, ಯಾವ ಆವೃತ್ತಿ, ಜಿಟ್ ಬಿಸಿಯಾಗುವ, ಅಂದರೆ ವೇಗದ ಕೋಡ್ ತಯಾರಾಗುವ, ಮೊದಲಿನ ಓಟಗಳನ್ನು ಲೆಕ್ಕಕ್ಕೆ ಹಿಡಿದಿದ್ದಾರಾ ಇಲ್ವಾ, ಇವೆಲ್ಲ ಸ್ಲೈಡ್‌ನಲ್ಲಿರಲಿ. ಇದು ಅತಿಯಾದ ಕಟ್ಟುನಿಟ್ಟು ಅಲ್ಲ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಗಾತ್ರ, ಫೈಲ್‌ಗಳನ್ನು ಲಿಂಕ್ ಮಾಡುವ ಕ್ರಮ ಇಂಥ ಸಣ್ಣ ವಿಷಯಗಳೂ ಅಳತೆಯನ್ನು ತಲೆಕೆಳಗು ಮಾಡಬಲ್ಲವು ಎಂದು 2009ರಲ್ಲೇ ಸಂಶೋಧಕರು ತೋರಿಸಿದ್ದಾರೆ. ಕೇಳುಗರಲ್ಲಿ ಅದು ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ, ಮೊದಲ ಪ್ರಶ್ನೆ ಅವರದೇ.

ಸ್ಲೈಡ್‌ನಲ್ಲಿ ಕೋಡ್ 12 ಸಾಲಿಗಿಂತ ಜಾಸ್ತಿ ಬೇಡ. ಅಸೆಂಬ್ಲಿ ಕೋಡ್ ತೋರಿಸುವವರಿಗೆ ಇದನ್ನು ಎರಡು ಸಲ ಹೇಳಿ. ಬರೀ ಕೆಂಪು ಹಸಿರಿನಲ್ಲಿ ವ್ಯತ್ಯಾಸ ತೋರಿಸಿದರೆ ಬಣ್ಣಗುರುಡು ಇರುವವರಿಗೆ ಕಾಣುವುದಿಲ್ಲ. ವೇದಿಕೆಯ ಮೇಲೆ ಎಲ್‌ಎಲ್‌ವಿಎಂ ಬಿಲ್ಡ್ ಮಾಡಿ ತೋರಿಸುತ್ತೇನೆ ಎನ್ನುವವರನ್ನು ನಯವಾಗಿ ತಡೆಯಿರಿ. ಮೊದಲೇ ರೆಕಾರ್ಡ್ ಮಾಡಿದ ಡೆಮೊ ಜೇಬಿನಲ್ಲಿರಲಿ.

9. ಆ ವಾರ ಮತ್ತು ಆ ದಿನ

ದೂರದಿಂದ ಮಾತಾಡುವವರಿಗೆ ಸಮಯವನ್ನು ಜಾಗತಿಕ ಸಮಯವಾದ ಯುಟಿಸಿಯಲ್ಲೂ ಅವರ ಊರಿನ ಗಡಿಯಾರದಲ್ಲೂ ಬರೆದು ಕಳಿಸಿ. ಮಾರ್ಚ್ ಮತ್ತು ಅಕ್ಟೋಬರ್ ಕೊನೆಯಲ್ಲಿ ವಿಶೇಷ ಎಚ್ಚರ ಬೇಕು. ಅಮೆರಿಕ ಗಡಿಯಾರ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪ್ ಕೊನೆಯ ಭಾನುವಾರ. ನಡುವಿನ ದಿನಗಳಲ್ಲಿ ರೂಢಿಯ ಲೆಕ್ಕ ಒಂದು ಗಂಟೆ ತಪ್ಪುತ್ತದೆ. ವಾಪಸ್ ಇಡುವಾಗ ಯುರೋಪ್ ಅಕ್ಟೋಬರ್‌ನ ಕೊನೆಯ ಭಾನುವಾರ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ.

ಎಚ್‌ಡಿಎಂಐ, ಯುಎಸ್‌ಬಿ-ಸಿ ಎರಡಕ್ಕೂ ಅಡಾಪ್ಟರ್ ಇಡಿ. ಸ್ಪೀಕರ್‌ನ ಲ್ಯಾಪ್‌ಟಾಪನ್ನು ಹಿಂದಿನ ಸಂಜೆಯೇ ಪ್ರೊಜೆಕ್ಟರ್‌ಗೆ ಸಿಕ್ಕಿಸಿ ನೋಡಿ. ಅವರ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಅವರನ್ನೇ ಕೇಳಿ. ಪರಿಚಯ ಎರಡೇ ಸಾಲು ಸಾಕು. ಐದು ನಿಮಿಷ ಉಳಿದಾಗ ಕಾಣುವಂತೆ ಫಲಕ ಹಿಡಿಯುವವರೊಬ್ಬರು ಮುಂದೆ ಕೂರಲಿ. ಪ್ರಶ್ನೆಯ ಸಮಯಕ್ಕೆ ಮೊದಲ ಪ್ರಶ್ನೆ ನೀವೇ ತಯಾರು ಮಾಡಿಟ್ಟುಕೊಳ್ಳಿ, ಕೆಲವೊಮ್ಮೆ ಸಭೆ ಬಾಯಿ ಬಿಡುವುದೇ ಇಲ್ಲ.

ಕೊನೆ ಗಳಿಗೆಯಲ್ಲಿ ಒಬ್ಬರು ಬರಲಾಗದಿದ್ದರೆ ಗಾಬರಿ ಬೇಡ. ಮುಕ್ತ ಕರೆಯಲ್ಲಿ ಸ್ವಲ್ಪದರಲ್ಲಿ ತಪ್ಪಿದ ಒಬ್ಬರನ್ನು ಮೊದಲೇ ಕೇಳಿ ಸಿದ್ಧವಾಗಿಡಿ. ಅವರು ಬದಲಿ ಎನ್ನುವುದನ್ನು ಅವರಿಗೆ ನೇರವಾಗಿ ಹೇಳಿ. ಮಾತಾಡಲಿ ಬಿಡಲಿ, ಪ್ರವೇಶ ಅವರಿಗೆ ಉಚಿತವಾಗಿರಲಿ.

10. ಮುಗಿದ ಮೇಲೆ

ಖರ್ಚಿನ ದುಡ್ಡನ್ನು ಎರಡು ವಾರದೊಳಗೆ ಕೊಟ್ಟುಬಿಡಿ. ವಿಡಿಯೊ ಹಾಕುವ ಮೊದಲು ಅವರಿಗೆ ತೋರಿಸಿ. ಉಪಶೀರ್ಷಿಕೆ ಯಂತ್ರವೇ ಬರೆದದ್ದಾದರೆ ಒಮ್ಮೆ ಕಣ್ಣಾಡಿಸಿ, ತಾಂತ್ರಿಕ ಪದಗಳನ್ನು ಅದು ಏನೇನೋ ಮಾಡಿರುತ್ತದೆ. ಧನ್ಯವಾದ ಹೇಳುವಾಗ "ತುಂಬಾ ಚೆನ್ನಾಗಿತ್ತು" ಎಂದಷ್ಟೇ ಬರೆಯದೆ, ಕೇಳುಗರು ಆಮೇಲೆ ಯಾವುದರ ಬಗ್ಗೆ ಮಾತಾಡಿಕೊಂಡರು ಎಂದು ಬರೆಯಿರಿ.

ಸ್ಪ್ರೆಡ್‌ಶೀಟ್ ಅಳಿಸಬೇಡಿ. "ಈ ವರ್ಷ ಆಗಲ್ಲ, ಮುಂದಿನ ವರ್ಷ ಕೇಳಿ" ಎಂದವರ ಸಾಲುಗಳಿಗೆ ಬಣ್ಣ ಹಚ್ಚಿ, ಯಾವ ತಿಂಗಳು ಬರೆಯಬೇಕು ಎಂದು ಪಕ್ಕದಲ್ಲೇ ಗುರುತು ಹಾಕಿ. ಆ ತಿಂಗಳು ಬಂದಾಗ ಮೊದಲ ಮೇಲ್ ಅವರಿಗೇ ಹೋಗಲಿ. ಅಷ್ಟರಲ್ಲಿ ಅವರ ಕೆಲಸ ಎಲ್ಲಿಗೆ ಬಂದಿದೆ ಎಂದು ಮತ್ತೊಮ್ಮೆ ಓದಿಕೊಂಡು ಬರೆಯಿರಿ.